ನಡಾವಳಿ ಪುಸ್ತಕದಲ್ಲಿ ಇಲ್ಲದ ಮಾತು

ನಮ್ಮ ಸಂಘಟನೆಯ ನಡಾವಳಿ ಪುಸ್ತಕದಲ್ಲಿ ನನ್ನದೇ ಕೈಬರಹದ ಒಂದು ವಾಕ್ಯವಿದೆ: “ಲೆಕ್ಕಪತ್ರದ ಕುರಿತು ಸ್ವಲ್ಪ ಚರ್ಚೆ ನಡೆದು, ಸಭೆಯು ಮುಂದಿನ ವಿಷಯಕ್ಕೆ ಹೋಯಿತು.” ಬರೆದ ದಿನ ಆ ವಾಕ್ಯದ ಬಗ್ಗೆ ನನಗೆ ತುಸು ಹೆಮ್ಮೆಯೇ ಇತ್ತು. ಯಾರ ಹೆಸರೂ ಇಲ್ಲ, ಯಾರ ಮೇಲೂ ದೂರಿಲ್ಲ, ಮುಂದೆ ಯಾರು ತೆರೆದು ಓದಿದರೂ ಸಂಘಟನೆಯ ಮರ್ಯಾದೆಗೆ ಕುಂದು ಬರುವ ಹಾಗಿಲ್ಲ. ಆದರೆ ಆ ‘ಸ್ವಲ್ಪ ಚರ್ಚೆ’ ನಡೆದದ್ದು ಮುಕ್ಕಾಲು ಗಂಟೆ. ಅದು ಮುಗಿಯುವ ಹೊತ್ತಿಗೆ ಹತ್ತು ವರ್ಷ ನಮ್ಮೊಂದಿಗೆ ದುಡಿದ ಒಬ್ಬ ಹೆಂಗಸು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋಗಿದ್ದರು. ಅವರು ಹೋದ ಸಂಗತಿಯೂ ಪುಸ್ತಕದಲ್ಲಿಲ್ಲ. ಆಮೇಲೆ ಸಭೆಗಳಲ್ಲಿ ಸಭ್ಯವಾದ ನಡೆ ನುಡಿ ಹೇಗಿರಬೇಕು ಎಂಬ ನಿಯಮಾವಳಿಯನ್ನು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು, ಬರೆದೂ ಕೊಟ್ಟೆ. ಅದರಡಿಯಲ್ಲಿ ಮೊದಲ ನೋಟಿಸ್ ಹೋದದ್ದು ಆಕೆಗೇ. ಈ ಎರಡು ಬರಹಗಳ ನಡುವೆ ಏನು ತಪ್ಪಿತು ಎಂಬುದು ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿದೆ.

ಆ ದಿನ ನಡೆದದ್ದು ಇಷ್ಟು. ಮೆರವಣಿಗೆಯೊಂದಕ್ಕೆಂದು ಮನೆಮನೆ ತಿರುಗಿ ವಂತಿಗೆ ಎತ್ತಿದ್ದೆವು. ಮೆರವಣಿಗೆ ಮುಗಿದು ಮೂರು ತಿಂಗಳಾದರೂ ಲೆಕ್ಕ ಮಂಡನೆಯಾಗಿರಲಿಲ್ಲ. ಸಭೆಯ ನಡುವೆ ಆಕೆ ಎದ್ದು ನಿಂತು ಉಳಿಕೆ ಹಣ ಎಲ್ಲಿದೆ ಎಂದು ಕೇಳಿದರು. ಸಂಚಾಲಕರು ಮೈಕ್ ಹಿಡಿದಿದ್ದರು, ಆಕೆಯ ಕೈಯಲ್ಲಿ ಮೈಕ್ ಇರಲಿಲ್ಲ. ಸಂಚಾಲಕರು ಮುಗುಳ್ನಗುತ್ತಲೇ, “ಅಕ್ಕಾ, ನೀವು ಸ್ವಲ್ಪ ಭಾವುಕರಾಗಿ ಮಾತಾಡ್ತಿದ್ದೀರಿ. ದಯವಿಟ್ಟು ಕೂತ್ಕೊಳ್ಳಿ, ಆಮೇಲೆ ಮಾತಾಡೋಣ” ಎಂದರು. ಆ ಕ್ಷಣದವರೆಗೆ ಆಕೆ ಭಾವುಕರಾಗಿರಲಿಲ್ಲ. ಆ ಮಾತು ಕೇಳಿದ ಮೇಲೆ ಆದರು. “ಆಮೇಲೆ ಅಂದ್ರೆ ಯಾವಾಗ? ರಸೀದಿ ಹರಿದು ಕೊಟ್ಟವಳು ನಾನು. ಬಾಗಿಲಿಗೆ ಹೋದ್ರೆ ಜನ ಕೇಳೋದು ನನ್ನನ್ನ” ಎಂದು ಚೀಲದಿಂದ ರಸೀದಿ ಪುಸ್ತಕದ ಅಡಿಪ್ರತಿಗಳ ಕಟ್ಟನ್ನು ತೆಗೆದು ಎತ್ತಿ ಹಿಡಿದರು. ರಬ್ಬರ್ ಬ್ಯಾಂಡ್ ಕಟ್ಟಿದ, ಅಂಚು ಮಡಚಿಹೋದ ನಾಲ್ಕು ಪುಸ್ತಕಗಳು. ಸಂಚಾಲಕರು ಮತ್ತೆ ಮುಗುಳ್ನಕ್ಕು ಕಾರ್ಯಸೂಚಿಯ ಮುಂದಿನ ವಿಷಯವನ್ನು ಓದತೊಡಗಿದರು. ಆಗ ಆಕೆ ಗಟ್ಟಿಯಾಗಿ, “ಲೋ, ನೀನು ಹೇಳಪ್ಪ ಮೊದಲು” ಎಂದುಬಿಟ್ಟರು.

ಸಭೆ ಎದ್ದುನಿಂತದ್ದು ಆಗ. ಅಲ್ಲಿಯತನಕ ಫೋನ್ ನೋಡುತ್ತ ಕುಳಿತಿದ್ದವರೂ ತಲೆ ಎತ್ತಿದರು. “ಏಕವಚನದಲ್ಲಿ ಮಾತಾಡ್ಬೇಡಿ”, “ಮರ್ಯಾದೆ ಕೊಟ್ಟು ಮಾತಾಡಿ”, “ಸಂಚಾಲಕರಿಗೇ ಹೀಗಂದ್ರೆ ಹೇಗೆ” ಎಂಬ ಕೂಗು ನಾಲ್ಕು ಕಡೆಯಿಂದ ಎದ್ದಿತು. ಮುಂದಿನ ಅರ್ಧ ಗಂಟೆ ಸಭೆ ಚರ್ಚಿಸಿದ್ದು ಆ ಏಕವಚನವನ್ನು. ಮೂರು ತಿಂಗಳಿಂದ ಬಾರದ ಲೆಕ್ಕ ಯಾರಿಗೂ ಅಗೌರವವಾಗಿ ಕಾಣಲಿಲ್ಲ. ನಾನು ಪೆನ್ನು ಹಿಡಿದು ಕುಳಿತಿದ್ದೆ. ಏನು ಬರೆಯಬೇಕೆಂದು ತೋಚದೆ, ಕೊನೆಗೆ ಆ ‘ಸ್ವಲ್ಪ ಚರ್ಚೆ’ಯ ವಾಕ್ಯವನ್ನು ಬರೆದೆ.

ಏಕವಚನದ ಭಾರ

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಗೆ ಅಂಟಿಕೊಂಡಿರುತ್ತದೆ. ‘ಬಾ’ ಮತ್ತು ‘ಬನ್ನಿ’ ಎರಡರ ನಡುವೆ ನಮಗೆ ಒಂದು ಇಡೀ ಸಮಾಜ ಕಾಣಿಸುತ್ತದೆ. ಹಾಗಾಗಿ ಏಕವಚನ ನೋಯಿಸುವುದಿಲ್ಲ ಎಂದು ನಾನು ವಾದಿಸಲಾರೆ, ನೋಯಿಸುತ್ತದೆ. ಆದರೆ ನಿಯಮಾವಳಿ ಬರೆಯುವಾಗ ನನಗೆ ಹೊಳೆಯದಿದ್ದ ಒಂದು ವಿಷಯ ಆಮೇಲೆ ಹೊಳೆಯಿತು. ಅದೇ ಸಂಚಾಲಕರು ಬಾವುಟ ಹೊರುವ, ಕುರ್ಚಿ ಜೋಡಿಸುವ, ರಾತ್ರಿ ಪೋಸ್ಟರ್ ಅಂಟಿಸುವ ಹುಡುಗರನ್ನು ಇಷ್ಟು ವರ್ಷ ‘ಲೋ’ ಎಂದೇ ಕರೆಯುತ್ತ ಬಂದಿದ್ದರು. ನಾವು ಅದನ್ನು ಸಲಿಗೆ ಎಂದುಕೊಂಡಿದ್ದೆವು. ಮೇಲಿನಿಂದ ಕೆಳಕ್ಕೆ ಇಳಿದ ಏಕವಚನ ಪ್ರೀತಿ ಎನಿಸಿಕೊಂಡಿತು, ಕೆಳಗಿನಿಂದ ಮೇಲಕ್ಕೆ ಹೋದದ್ದು ಶಿಸ್ತುಭಂಗವಾಯಿತು. “ಸಭೆಯಲ್ಲಿ ಎಲ್ಲರನ್ನೂ ಬಹುವಚನದಲ್ಲಿ ಸಂಬೋಧಿಸತಕ್ಕದ್ದು” ಎಂದು ನಾನು ಮೊದಲ ನಿಯಮವಾಗಿ ಬರೆದಾಗ ‘ಎಲ್ಲರನ್ನೂ’ ಎಂಬ ಪದ ಹಾಳೆಯ ಮೇಲಿತ್ತು, ನನ್ನ ಮನಸ್ಸಿನಲ್ಲಿದ್ದದ್ದು ಸಂಚಾಲಕರ ಮುಖ.

ಸಂಬೋಧನೆಯ ಈ ಜಗಳ ನಮ್ಮೊಬ್ಬರದೇ ಅಲ್ಲ. 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ದೊಡ್ಡವರು ಚಿಕ್ಕವರೆನ್ನದೆ ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಿದ್ದರು, ಅಧಿಕಾರಿಗಳ ಮುಂದೆ ಟೋಪಿ ತೆಗೆಯುತ್ತಿರಲಿಲ್ಲ. ಅವರಲ್ಲೊಬ್ಬನಾದ ವಿಲಿಯಂ ಪೆನ್‌ಗೆ 1670ರಲ್ಲಿ ಲಂಡನ್ನಿನ ನ್ಯಾಯಾಲಯವು ಟೋಪಿಯ ಕಾರಣಕ್ಕೇ ದಂಡ ಹಾಕಿತ್ತು. ಸ್ವೀಡನ್ನಿನಲ್ಲಿ 1967ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ತಮ್ಮ ಸಿಬ್ಬಂದಿಯೊಂದಿಗೆ ಇನ್ನು ಮುಂದೆ ಪದವಿ ಬಿರುದುಗಳಿಲ್ಲದೆ ಹೆಸರು ಹಿಡಿದು ಮಾತನಾಡುವುದಾಗಿ ಸಾರಿದರು, ಆ ವಾಡಿಕೆ ದೇಶದ ತುಂಬ ಹಬ್ಬಿತು. ಎಲ್ಲರಿಗೂ ಏಕವಚನವಾದರೂ ಸರಿ, ಎಲ್ಲರಿಗೂ ಬಹುವಚನವಾದರೂ ಸರಿ, ಎರಡೂ ಸಮಾನತೆಯೇ. ಹಾಗೆ ನೋಡಿದರೆ ನಮ್ಮ ಸಭೆಯ ಆಕೆ ಆ ದಿನ ಮಾಡಿದ್ದು ಸಂಚಾಲಕರ ‘ಲೋ’ವನ್ನು ಅವರಿಗೇ ಹಿಂದಿರುಗಿಸಿದ್ದು. ಅದು ಸರಿಯೆಂದು ಹೇಳುತ್ತಿಲ್ಲ, ಅದರ ಮೂಲ ಎಲ್ಲಿತ್ತೆಂದು ಹೇಳುತ್ತಿದ್ದೇನೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಬಹುವಚನದ ಅವಮಾನ. “ದಯವಿಟ್ಟು ಕೂತ್ಕೊಳ್ಳಿ” ಎಂಬ ಮಾತಿನಲ್ಲಿ ದಯೆಯೂ ಇದೆ, ಬಹುವಚನವೂ ಇದೆ, ‘ಅಕ್ಕಾ’ ಎಂಬ ಬಂಧುತ್ವವೂ ಇದೆ. ನನ್ನ ನಿಯಮಾವಳಿಯ ಯಾವ ಕಲಮಿನಡಿಯಲ್ಲೂ ಅದನ್ನು ಹಿಡಿಯಲು ಸಾಧ್ಯವಿರಲಿಲ್ಲ. ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆ ಕೇಳಿದವರ ಮನಃಸ್ಥಿತಿಯನ್ನು ವಿವರಿಸುವುದು ಎಷ್ಟು ನಯವಾದ ಹೊಡೆತ ಎಂಬುದು ಅದನ್ನು ತಿಂದವರಿಗಷ್ಟೇ ಗೊತ್ತು. ಮೈಕ್ ಕೈಯಲ್ಲಿರುವಾಗ ಯಾರೂ ಕೂಗಬೇಕಾಗಿಲ್ಲ. ಮೈಕ್ ಇಲ್ಲದವರ ದನಿ ಏರುವುದು ಕೆಲವೊಮ್ಮೆ ಬರೀ ದೂರದ ಲೆಕ್ಕಾಚಾರ.

ಪ್ರತಿಮೆಯ ಹಿಂದೆ ತಿದ್ದಿದ ಭಾಷಣ

ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಜಾಥಾ. ಆ ದಿನದ ಬಗ್ಗೆ ಎಲ್ಲರಿಗೂ ನೆನಪಿರುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮೊದಲು ವೇದಿಕೆಯ ಹಿಂದೆ ನಡೆದ ಒಂದು ಪ್ರಸಂಗ. ವಿದ್ಯಾರ್ಥಿ ಸಂಘಟನೆಯ ಅಧ್ಯಕ್ಷ ಜಾನ್ ಲೂಯಿಸ್‌ಗೆ ಆಗ 23 ವರ್ಷ. ಆತನ ಭಾಷಣದ ಪ್ರತಿ ಹಿಂದಿನ ಸಂಜೆಯೇ ಹಂಚಿಕೆಯಾಗಿತ್ತು. ಅದರಲ್ಲಿ ಸರ್ಕಾರದ ನಾಗರಿಕ ಹಕ್ಕುಗಳ ಮಸೂದೆ ಸಾಲದು, ತಡವಾಯಿತು ಎಂಬ ಟೀಕೆಯಿತ್ತು. ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ದಕ್ಷಿಣದ ರಾಜ್ಯಗಳನ್ನು ಸುಡುತ್ತ ಸಾಗಿದಂತೆ ನಾವೂ ಸಾಗುತ್ತೇವೆ, ಆದರೆ ಅಹಿಂಸೆಯಿಂದ, ಎಂಬ ಮಾತಿತ್ತು. ಪ್ರಾರ್ಥನೆ ಮಾಡಬೇಕಿದ್ದ ಆರ್ಚ್‌ಬಿಷಪ್ ಪ್ಯಾಟ್ರಿಕ್ ಓಬಾಯ್ಲ್ ಹೀಗಿದ್ದರೆ ತಾನು ವೇದಿಕೆಗೆ ಬರುವುದಿಲ್ಲ ಎಂದರು. ಹಿರಿಯ ನಾಯಕರು ಮಾತು ಮೆದುವಾಗಲಿ ಎಂದು ಒತ್ತಾಯಿಸಿದರು. ಹುಡುಗರು ಒಪ್ಪಲಿಲ್ಲ.

ಕೊನೆಗೆ ಎ. ಫಿಲಿಪ್ ರ‍್ಯಾಂಡಾಲ್ಫ್ ಖುದ್ದಾಗಿ ಬಂದರು. ರೈಲಿನ ಪೋರ್ಟರುಗಳ ಕಾರ್ಮಿಕ ಸಂಘ ಕಟ್ಟಿದ, ಆಗ 74 ವರ್ಷದ ಆ ಮನುಷ್ಯ 1941ರಲ್ಲೇ ಇಂಥದ್ದೊಂದು ಜಾಥಾಕ್ಕೆ ಕರೆ ಕೊಟ್ಟು, ರೂಸ್ವೆಲ್ಟ್ ಸರ್ಕಾರ ರಕ್ಷಣಾ ಕಾರ್ಖಾನೆಗಳ ನೇಮಕಾತಿಯಲ್ಲಿನ ತಾರತಮ್ಯವನ್ನು ನಿಷೇಧಿಸಿದ ಮೇಲೆ ಅದನ್ನು ಕೈಬಿಟ್ಟಿದ್ದವರು. ಈ ದಿನಕ್ಕಾಗಿ ಇಷ್ಟು ಕಾಲ ಕಾದಿದ್ದೇನೆ, ಇದನ್ನು ಮುರಿಯಬೇಡಿ ಎಂದು ಅವರು ಕೇಳಿಕೊಂಡರು. ಲಿಂಕನ್ ಸ್ಮಾರಕದ ಹಿಂಬದಿಯಲ್ಲಿ, ಹೊರಗೆ ಎರಡೂವರೆ ಲಕ್ಷದಷ್ಟು ಜನ ಸೇರಿರುವಾಗ, ಲೂಯಿಸ್ ಮತ್ತು ಆತನ ಸಂಗಾತಿಗಳು ಭಾಷಣವನ್ನು ತಾವೇ ಕುಳಿತು ತಿದ್ದಿದರು. ಶರ್ಮನ್ ಹೋದ. ಮಸೂದೆಯ ಮೇಲಿನ ಟೀಕೆ ಮೆತ್ತಗಾಯಿತಾದರೂ ಉಳಿಯಿತು. ಆಮೇಲೂ ಆ ದಿನದ ಭಾಷಣಗಳಲ್ಲೆಲ್ಲ ಅತ್ಯಂತ ಖಾರವಾದದ್ದು ಆತನದ್ದೇ ಎನಿಸಿಕೊಂಡಿತು.

ಹಿರಿಯರು ಮಾಡಿದ್ದು ಸರಿಯೇ ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿದೆ. ಮೇಲಾಗಿ, ಆ ದಿನದ ಪ್ರಮುಖ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಹೊರಗಿನವರಿಂದ ಗೌರವ ಕೇಳಲು ಹೋದ ಚಳವಳಿಗಳು ಒಳಗೆ ಯಾರನ್ನು ಕೂರಿಸಿ ಯಾರನ್ನು ನಿಲ್ಲಿಸುತ್ತವೆ ಎಂಬುದಕ್ಕೆ ಅದೂ ಒಂದು ಸಾಕ್ಷಿ. ಆದರೆ ಆ ಪ್ರಸಂಗದ ಒಂದು ಅಂಶದ ಮುಂದೆ ನನ್ನ ತಲೆ ತಗ್ಗುತ್ತದೆ. ಮಾತು ಬೇಡವೆನಿಸಿದವರು ಮಾತನಾಡುವವನ ಎದುರಿಗೇ ಬಂದು ನಿಂತು, ತಮಗೇಕೆ ಬೇಡವೆಂದು ಹೇಳಿದರು. ತಿದ್ದುವ ಪೆನ್ಸಿಲ್ಲು ಕೊನೆಯವರೆಗೂ ಆತನ ಗುಂಪಿನ ಕೈಯಲ್ಲೇ ಇತ್ತು. ನಾನಾದರೋ ಆಕೆಯ ಮಾತನ್ನು ಆಕೆಗೆ ತಿಳಿಸದೆ, ಆಕೆ ಇಲ್ಲದ ಹೊತ್ತಿನಲ್ಲಿ, ಸಂಘಟನೆಯ ಮರ್ಯಾದೆಗಾಗಿ ಎಂದು ನನಗೆ ನಾನೇ ಹೇಳಿಕೊಂಡು ಅಳಿಸಿಹಾಕಿದ್ದೆ. ಆಕೆಯ ‘ನೀನು’ ಸಭೆಯೆಲ್ಲ ಕೇಳುವಂತೆ, ಎದುರಾಎದುರು ಆಡಿದ ಮಾತು. ನನ್ನ ವಾಕ್ಯ ಹಾಗಲ್ಲ.

ನಿಯಮ ಯಾರನ್ನು ಮೊದಲು ತಡೆಯುತ್ತದೆ

ಹಾಗೆಂದು ನಿಯಮಗಳೇ ಬೇಡವೆನ್ನುವವರ ಜೊತೆ ನಾನಿಲ್ಲ. ನಾವೆಲ್ಲ ಸ್ನೇಹಿತರು, ನಮಗೇಕೆ ನಿಯಮ ಎನ್ನುವ ಗುಂಪುಗಳಲ್ಲಿ ನಾನು ಇದ್ದು ಬಂದಿದ್ದೇನೆ. ಅಲ್ಲಿ ನಿರ್ಧಾರಗಳು ಸಭೆ ಮುಗಿದ ಮೇಲೆ ನಾಲ್ಕು ಜನ ನಡೆದುಕೊಂಡು ಹೋಗುವಾಗ ಆಗುತ್ತವೆ, ಆ ನಾಲ್ವರಲ್ಲಿ ಒಬ್ಬರಾಗುವುದು ಹೇಗೆಂದು ಹೊಸಬರಿಗೆ ಎಂದಿಗೂ ತಿಳಿಯುವುದಿಲ್ಲ. ಅಮೆರಿಕದ ಸ್ತ್ರೀವಾದಿ ಚಳವಳಿಯ ಒಳಗಿದ್ದುಕೊಂಡೇ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ಇದನ್ನು ಬಿಡಿಸಿ ಬರೆದಿದ್ದರು: ರಚನೆಯೇ ಇಲ್ಲವೆಂದು ಹೇಳಿಕೊಳ್ಳುವ ಗುಂಪಿನಲ್ಲೂ ರಚನೆ ಇದ್ದೇ ಇರುತ್ತದೆ, ಅದು ಕಣ್ಣಿಗೆ ಬೀಳದ್ದರಿಂದ ಅದನ್ನು ಪ್ರಶ್ನಿಸಲಾಗುವುದಿಲ್ಲ ಅಷ್ಟೆ. ನಮ್ಮಲ್ಲಿಯೂ ಹೊಸದಾಗಿ ಬಂದ ಒಬ್ಬ ಹುಡುಗನ ಉಚ್ಚಾರಣೆಯನ್ನು ಅಣಕಿಸಿ ಅಣಕಿಸಿ ಆತ ಬಾಯಿ ತೆರೆಯುವುದನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ತಮಾಷೆ ಎನ್ನುತ್ತಿದ್ದೆವು. ಅಂಥದ್ದನ್ನು ತಡೆಯಲು ಬರೆದಿಟ್ಟ ನಿಯಮ ಬೇಕೇ ಬೇಕು.

ಹಾಗಾದರೆ ಎಂಥ ನಿಯಮ? ಹೆನ್ರಿ ರಾಬರ್ಟ್ ಎಂಬ ಸೇನಾ ಎಂಜಿನಿಯರ್ 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚೊಂದರಲ್ಲಿ ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂದು, ಸಭೆ ಕೈಮೀರಿ ಹೋಗಿ ಬಹಳ ಮುಜುಗರಪಟ್ಟ. ಆ ಮುಜುಗರದಿಂದ ಹುಟ್ಟಿದ ಸಭಾ ನಿಯಮಗಳ ಕೈಪಿಡಿ 1876ರಲ್ಲಿ ಅಚ್ಚಾಯಿತು, ಇಂದಿಗೂ ಸಾವಿರಾರು ಸಂಘಗಳು ಅದನ್ನೇ ಹಿಡಿದು ನಡೆಯುತ್ತವೆ. ಅದರ ಬಹಳಷ್ಟು ಭಾಗ ನನಗೆ ಒಣ ಕಾನೂನಿನಂತೆ ಕಾಣುತ್ತದೆ. ಆದರೆ ಅದರಲ್ಲಿ ಮೂರು ಸಂಗತಿಗಳು ಬೆಲೆಯುಳ್ಳವು. ಸದಸ್ಯರು ಪರಸ್ಪರ ನೇರವಾಗಿ ಕಾದಾಡದೆ ಅಧ್ಯಕ್ಷರನ್ನು ಉದ್ದೇಶಿಸಿ ಮಾತನಾಡಬೇಕು. ಗೊತ್ತುವಳಿಯನ್ನು ಎಷ್ಟು ಕಟುವಾಗಿಯಾದರೂ ಟೀಕಿಸಬಹುದು, ಅದನ್ನು ಮಂಡಿಸಿದವರ ಉದ್ದೇಶವನ್ನು ಕೆದಕುವಂತಿಲ್ಲ. ಒಂದು ವಿಷಯದ ಮೇಲೆ ಈಗಾಗಲೇ ಮಾತನಾಡಿದವರಿಗಿಂತ ಇನ್ನೂ ಮಾತನಾಡದವರಿಗೆ ಮೊದಲ ಅವಕಾಶ. ಈ ಅಳತೆಗೋಲಿನಲ್ಲಿ ಆ ದಿನದ ಸಭೆಯನ್ನು ಅಳೆದರೆ, ‘ಭಾವುಕರಾಗಿ ಮಾತಾಡ್ತಿದ್ದೀರಿ’ ಎಂಬುದು ಸದಸ್ಯೆಯ ಮನಸ್ಸನ್ನು ಕೆದಕಿದ ಮಾತು, ಅದೂ ಅಧ್ಯಕ್ಷ ಪೀಠದಿಂದಲೇ. ಮೊದಲ ತಪ್ಪು ಅಲ್ಲಿ ಆಗಿತ್ತು.

ಇನ್ನೊಂದು ಪದ್ಧತಿ ನನಗೆ ಇದಕ್ಕಿಂತಲೂ ಇಷ್ಟ. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ, ಆರ್ಥಿಕ ಅಸಮಾನತೆಯ ವಿರುದ್ಧ ಎದ್ದ ಆಕ್ಯುಪೈ ಚಳವಳಿಯವರು ಠಿಕಾಣಿ ಹೂಡಿದಾಗ, ಪರವಾನಗಿ ಇಲ್ಲದೆ ಧ್ವನಿವರ್ಧಕ ಬಳಸುವಂತಿರಲಿಲ್ಲ. ಹಾಗಾಗಿ ಒಬ್ಬರು ನಾಲ್ಕೈದು ಪದ ಹೇಳಿ ನಿಲ್ಲಿಸುವುದು, ಹತ್ತಿರವಿದ್ದವರೆಲ್ಲ ಅದನ್ನೇ ಒಟ್ಟಾಗಿ ಕೂಗುವುದು, ಆ ಮಾತು ಗುಂಪಿನ ಕೊನೆಯವರೆಗೆ ಅಲೆಯಂತೆ ಹೋಗುವುದು. ಮಾತು ನಿಧಾನವಾಯಿತು, ಉದ್ದದ ಭಾಷಣಗಳು ತಾವಾಗಿಯೇ ಗಿಡ್ಡವಾದವು. ಅದೆಲ್ಲ ಸರಿ. ನನ್ನನ್ನು ಸೆಳೆಯುವುದು ಬೇರೆ: ನನಗೆ ಒಪ್ಪಿಗೆಯಿಲ್ಲದ ಮಾತನ್ನೂ ನಾನು ನನ್ನ ಬಾಯಿಯಿಂದ, ಒಂದಕ್ಷರವೂ ಬದಲಿಸದೆ, ಪಕ್ಕದವರಿಗೆ ದಾಟಿಸಬೇಕು. ಅಲ್ಲಿ ‘ಸ್ವಲ್ಪ ಚರ್ಚೆ’ ಎಂದು ಸಂಕ್ಷೇಪಿಸಲು ಯಾರಿಗೂ ಅವಕಾಶವಿಲ್ಲ. ನಮ್ಮ ಸಭೆಯಲ್ಲಿ ಆ ದಿನ ಕರೆಂಟು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ.

1930ರ ಫೆಬ್ರವರಿ 27ರ ‘ಯಂಗ್ ಇಂಡಿಯಾ’ದಲ್ಲಿ, ದಂಡಿ ಯಾತ್ರೆಗೆ ಎರಡು ವಾರವಿರುವಾಗ, ಗಾಂಧಿ ಸತ್ಯಾಗ್ರಹಿಗಳಿಗಾಗಿ ಬರೆದ ನಿಯಮಗಳನ್ನೂ ಮತ್ತೆ ಓದಿದೆ. ಎದುರಾಳಿಯನ್ನು ಅವಮಾನಿಸಬಾರದು, ಅಹಿಂಸೆಗೆ ಒಗ್ಗದ ಘೋಷಣೆಗಳನ್ನು ಕೂಗಬಾರದು, ಯಾರಾದರೂ ಅಧಿಕಾರಿಯ ಮೇಲೆ ಕೈಮಾಡಿದರೆ ಪ್ರಾಣ ಒತ್ತೆಯಿಟ್ಟಾದರೂ ಆ ಅಧಿಕಾರಿಯನ್ನು ಕಾಪಾಡಬೇಕು. ನಮ್ಮ ನಿಯಮಾವಳಿಗೆ ಸಮರ್ಥನೆಯಾಗಿ ನಮ್ಮವರು ಇದನ್ನೇ ಉಲ್ಲೇಖಿಸಿದ್ದರು. ಆದರೆ ಅವು ಹೋರಾಟಕ್ಕೆ ಹೊರಟವನು ತನಗೆ ತಾನೇ ಹಾಕಿಕೊಳ್ಳಬೇಕಾದ ಕಟ್ಟು, ಬರೆದವರೂ ಅದಕ್ಕೆ ಒಳಪಟ್ಟಿದ್ದರು. ನಮ್ಮ ನಿಯಮಾವಳಿಯಲ್ಲಿ ಸಂಚಾಲಕರು ಇಷ್ಟು ದಿನದೊಳಗೆ ಲೆಕ್ಕ ಮಂಡಿಸಬೇಕು, ಕೇಳಿದ ಪ್ರಶ್ನೆಗೆ ಅದೇ ಸಭೆಯಲ್ಲಿ ಉತ್ತರಿಸಬೇಕು, ಇಲ್ಲವೇ ಉತ್ತರ ಕೊಡುವ ತಾರೀಖನ್ನು ಹೇಳಬೇಕು ಎಂಬ ಒಂದು ಸಾಲೂ ಇರಲಿಲ್ಲ. ಹನ್ನೊಂದು ಕಲಮುಗಳೂ ಕೆಳಗೆ ಕುಳಿತವರ ಬಾಯಿಗೆ ಸಂಬಂಧಿಸಿದವು. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರ್ ರಾಜಕಾರಣದಲ್ಲಿನ ಭಕ್ತಿಯ ಬಗ್ಗೆ ಕೊಟ್ಟ ಎಚ್ಚರಿಕೆಯನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಹೇಳಿಲ್ಲ! ದೊಡ್ಡ ನಾಯಕರ ಮೇಲಿನ ಭಕ್ತಿ ಮಾತ್ರ ನಮಗೆ ಕಾಣುತ್ತದೆ. ಮೂವತ್ತು ಕುರ್ಚಿಗಳ ಕೋಣೆಯಲ್ಲೂ ಅದು ಹುಟ್ಟುತ್ತದೆ, ಅಲ್ಲಿ ಅದರ ಹೆಸರು ‘ಗೌರವ’.

ಓದಿ ಹೇಳಿದ್ದು

ಹೋದ ತಿಂಗಳು ಪುಸ್ತಕ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ನೋಟಿಸಿನ ವಿಷಯ ಎತ್ತುವ ಧೈರ್ಯವಿರಲಿಲ್ಲ, ಆಕೆಯೇ ಎತ್ತಿದರು. ಅಡಿಪ್ರತಿಗಳ ಜೊತೆಗೇ ಅದನ್ನೂ ಅದೇ ರಬ್ಬರ್ ಬ್ಯಾಂಡಿಗೆ ಸೇರಿಸಿ ಇಟ್ಟಿದ್ದರು. ಸಭೆಯ ದಿನದ ಪುಟವನ್ನು ತೆರೆದು, ಇದು ನಾನು ಬರೆದದ್ದು, ತಪ್ಪಾಗಿದೆ, ತಿದ್ದಬೇಕೆಂದಿದ್ದೇನೆ ಎಂದೆ. “ಓದಿ” ಎಂದರು. ಓದಿದೆ. ಅಷ್ಟು ಸಣ್ಣ ವಾಕ್ಯ ಓದಲು ಅಷ್ಟು ಹೊತ್ತು ಹಿಡಿದದ್ದು ನನಗೇ ಆಶ್ಚರ್ಯ.

ಆಕೆ ಸಿಟ್ಟಾಗಲಿಲ್ಲ. “ಸ್ವಲ್ಪ ಚರ್ಚೆ” ಎಂದು ಒಮ್ಮೆ ತಾವೇ ಹೇಳಿ ನೋಡಿದರು, ಬಟ್ಟೆಯಂಗಡಿಯಲ್ಲಿ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡುವಂತೆ. ಆಮೇಲೆ, ತಾವು ಕೇಳಿದ್ದು ಉಳಿಕೆ ಹಣವನ್ನಷ್ಟೇ ಅಲ್ಲ ಎಂದರು. ಎರಡು ರಸೀದಿ ಪುಸ್ತಕಗಳು ಯಾರ ಕೈಗೆ ಹೋದವೆಂದೂ ಕೇಳಿದ್ದರು. ಆ ಪ್ರಶ್ನೆ ನನಗೆ ನೆನಪೇ ಇರಲಿಲ್ಲ. ಗಲಾಟೆಯಲ್ಲಿ ಕೇಳಿಸಿರಲಿಲ್ಲವೋ, ಕೇಳಿಸಿಯೂ ಕಿವಿಯ ಹೊರಗೇ ಬಿಟ್ಟಿದ್ದೆನೋ, ಪ್ರಾಮಾಣಿಕವಾಗಿ ಹೇಳಲಾರೆ. ನಾನು ಬೇರೊಂದು ಹಾಳೆಯಲ್ಲಿ ಬರೆದುಕೊಳ್ಳತೊಡಗಿದೆ. ಆಕೆ ಹೇಳುತ್ತ ಹೋದರು, ನಡುನಡುವೆ ನಿಲ್ಲಿಸಿ ಬರೆದಷ್ಟನ್ನು ಓದಿಸಿದರು, ಎರಡು ಕಡೆ ತಿದ್ದಿಸಿದರು. ಸಂಚಾಲಕರು ‘ದಯವಿಟ್ಟು’ ಎಂದದ್ದನ್ನು ನಾನು ಬಿಟ್ಟಿದ್ದೆ. ಅದನ್ನು ಸೇರಿಸಲು ಹೇಳಿದರು. “ಅಂದಿದ್ರಲ್ಲ, ಅಂದಿದ್ದನ್ನ ಅಂದ ಹಾಗೆ ಬರೀರಿ.”

ಕೊನೆಯ ಸಾಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಆ ಏಕವಚನದ ಮಾತು ಬೇಕೇ, ಅದು ನಿಮಗೇ ತಿರುಗಿಬೀಳಬಹುದು, ‘ಖಾರವಾಗಿ ಪ್ರಶ್ನಿಸಿದರು’ ಎಂದು ಬರೆದರೆ ಸಾಲದೇ ಎಂದು ಕೇಳಿದೆ. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ನಾನು ಮತ್ತೆ ಅದೇ ಕೆಲಸಕ್ಕೆ ಕೈಹಾಕುತ್ತಿದ್ದೇನೆ ಎಂಬುದು ಸ್ಪಷ್ಟವಾಯಿತು.

“‘ಲೋ’ ಅಂದಿದ್ದೀನಿ, ‘ನೀನು’ ಅಂದಿದ್ದೀನಿ. ಎರಡನ್ನೂ ಬರೀರಿ,” ಎಂದರು. “ಅದಕ್ಕೆ ಏನು ಹೇಳ್ಬೇಕೋ ಅವರು ನನಗೇ ಹೇಳ್ಲಿ.”

ಬರೆದೆ. ಹಾಳೆಯನ್ನು ಮಡಚಿ ನಡಾವಳಿ ಪುಸ್ತಕದ ಆ ಪುಟದಲ್ಲಿ ಇಟ್ಟಿದ್ದೇನೆ. ಮುಂದಿನ ಸಭೆ ಇದೇ ಭಾನುವಾರ. ಹಿಂದಿನ ನಡಾವಳಿಗೆ ತಿದ್ದುಪಡಿ ಎಂಬುದನ್ನು ಕಾರ್ಯಸೂಚಿಯ ಮೊದಲ ವಿಷಯವಾಗಿ ಹಾಕಿ ಎಲ್ಲರಿಗೂ ಕಳುಹಿಸಿದ್ದೇನೆ. ಸಂಚಾಲಕರು ನಿನ್ನೆ ರಾತ್ರಿ ಫೋನ್ ಮಾಡಿ, ಬಹಳ ಮರ್ಯಾದೆಯಿಂದ, “ಅದು ಈಗ ಅಗತ್ಯವಿತ್ತಾ?” ಎಂದು ಕೇಳಿದರು. ಆಕೆಗೂ ಸಭೆಯ ಸಮಯ ತಿಳಿಸಿದ್ದೇನೆ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮೈಕ್ ಇರುತ್ತಾ ಎಂದು ಮಾತ್ರ ಕೇಳಿದರು.